ವಕೀಲರನ್ನು ಬಿಡುವ ಬಗೆ

ಮನುಷ್ಯನು ತನ್ನ ಆಯುಷ್ಯದಲ್ಲಿ ಬದಲಿಸಲು ಹಿಂಜರಿಯುವ ಜನ ಮೂವರುಂಟು: ರೂಢಿಯ ಕ್ಷೌರಿಕ, ಮನೆಯ ವೈದ್ಯ ಮತ್ತು ದಾವೆಯ ವಕೀಲ. ಮೂವರ ಕೈಗೂ ನಾವು ನಮ್ಮ ಕುತ್ತಿಗೆಯನ್ನು ಒಂದಲ್ಲ ಒಂದು ಬಗೆಯಲ್ಲಿ ಕೊಟ್ಟಿರುತ್ತೇವಾದ್ದರಿಂದ ಈ ಹಿಂಜರಿಕೆ ಸಹಜವೇ ಸರಿ. ಆದರೂ ಕ್ಷೌರಿಕನನ್ನು ಬಿಡಬೇಕೆಂದರೆ ಮುಂದಿನ ತಿಂಗಳು ಬೇರೊಂದು ಬೀದಿಗೆ ತಿರುಗಿದರೆ ಸಾಕು. ವೈದ್ಯರನ್ನು ಬಿಡಬೇಕೆಂದರೆ ಅವರು ಬರೆದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಇನ್ನೊಬ್ಬರ ಬಾಗಿಲಿಗೆ ಹೋದರಾಯಿತು. ಹಳೆಯ ವೈದ್ಯರು ನಾವು ಗುಣವಾದೆವೆಂದೇ ತಿಳಿದು ಸಂತೋಷಪಡುತ್ತಾರೆ. ವಕೀಲರ ಮಾತು ಹಾಗಲ್ಲ. ಅವರನ್ನು ಬಿಡಬೇಕಾದರೆ ಅವರ ಎದುರಿಗೇ ಹೋಗಿ ಕುಳಿತು, "ನಿಮ್ಮನ್ನು ಬಿಡುತ್ತಿದ್ದೇನೆ, ಇದಕ್ಕೆ ನಿಮ್ಮ ಅಡ್ಡಿಯಿಲ್ಲವೆಂದು ಒಂದು ರುಜು ಹಾಕಿ ಕೊಡಿ" ಎಂದು ಕೇಳಬೇಕು. ಇಂಥ ಬೀಳ್ಕೊಡುಗೆ ಬೇರೆ ಯಾವ ವೃತ್ತಿಯಲ್ಲಿಯೂ ಇರುವುದನ್ನು ನಾನು ಕಾಣೆ.

ಇದರ ಕಷ್ಟ ಎಂಥದೆಂಬುದನ್ನು ನಾನು ಹತ್ತಿರದಿಂದ ನೋಡಿದ್ದು ನನ್ನ ಸೋದರಮಾವನ ದಾವೆಯಲ್ಲಿ. ಮಾವನ ಊರು ಗಂಗಾವತಿ ತಾಲೂಕಿನ ಮರಳಿ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದು, ಕಣ್ಣು ಹಾಯುವಷ್ಟು ದೂರ ಭತ್ತದ ಹಸಿರು ಕಾಣುವ ಸೀಮೆ ಅದು. ಅಣೆಕಟ್ಟಿನ ಕೆಲಸ 1945ರಲ್ಲಿ ಮೊದಲಾಗಿ 1953ರಲ್ಲಿ ನೀರು ನಿಂತಿತು. ಅದಕ್ಕೆ ಮುಂಚೆ ಜೋಳ ಸಜ್ಜೆ ಬೆಳೆಯುತ್ತಿದ್ದ ಒಣ ಹೊಲಕ್ಕೆ ಅಣ್ಣತಮ್ಮಂದಿರು ಜಗಳವಾಡುವುದಿದ್ದರೂ ಕಟ್ಟೆಯ ಮೇಲೆ ನಾಲ್ಕು ಜನ ಹಿರಿಯರ ಮುಂದೆ ಮುಗಿಯುತ್ತಿತ್ತಂತೆ. ನೀರು ಬಂದ ಮೇಲೆ ಗುಂಟೆಗುಂಟೆಗೂ ಬೆಲೆ ಬಂತು. ಬಾಯಿಮಾತಿನಲ್ಲಿ ಪಾಲಾದ ಹೊಲಗಳಿಗೆ ಕಾಗದ ಬೇಕಾಯಿತು. ಕಾಗದ ಬೇಕಾದೊಡನೆ ಕೋರ್ಟೂ ಬೇಕಾಯಿತು. ಮಾವನ ದಾವೆ ಇಂಥದೇ. ಅಜ್ಜನ ಕಾಲದಲ್ಲಿ ಬಾಯಿಮಾತಿನಿಂದ ಹಂಚಿಕೊಂಡ 2 ಎಕರೆ 10 ಗುಂಟೆ ಗದ್ದೆ ತನಗೆ ಸೇರಿದ್ದೆಂದು ಮಾವ. ಅದು ಪಾಲಾಗದೆ ಉಳಿದ ಜಮೀನೆಂದು ಅವನ ದಾಯಾದಿ.

ವಕೀಲರು ನಮ್ಮ ಮಾವನ ಪಾಲಿಗೆ ಹೊಸಬರಲ್ಲ. ಸಾಲದ ಪತ್ರ, ಮಗಳ ಮದುವೆಗೆಂದು ಮಾರಿದ ಜಾಗದ ಖರೀದಿ ಪತ್ರ, ಎಲ್ಲವನ್ನೂ ಹದಿನೆಂಟು ವರ್ಷ ಅವರೇ ಬರೆದಿದ್ದರು. ಮಾವನಿಗೆ ಅವರು 'ಸಾಹೇಬ್ರು', ಅವರಿಗೆ ಮಾವ 'ಗೌಡ್ರು'. ಹೊಸ ಅಕ್ಕಿ ಬಂದಾಗ ಒಂದು ಚೀಲ ಅವರ ಮನೆಗೆ ಹೋಗುತ್ತಿತ್ತು. ಅವರ ಮನೆಯ ಶುಭಕಾರ್ಯದ ಕರೆಯೋಲೆ ಮಾವನ ಮನೆಗೆ ಬರುತ್ತಿತ್ತು. ದಾವೆಯಲ್ಲಿ ವಾದಿಯ ಸಾಕ್ಷಿ ಮೊದಲಾಗಬೇಕಾದ ಹೊತ್ತಿಗೆ, ಏನಾಯಿತೋ, ವಕೀಲರು ಒಂದು ತಾರೀಖಿಗೆ ಬರಲಿಲ್ಲ. ಮುಂದಿನ ತಾರೀಖಿಗೆ ಕೈಕೆಳಗಿನ ಹುಡುಗನೊಬ್ಬ ಬಂದು ಮುದ್ದತ್ತು ಕೇಳಿದ. ಮೂರನೆಯ ಸಲವೂ ಹಾಗೆಯೇ ಆಯಿತು. ಮಾವ ಭತ್ತದ ಕಣ ಬಿಟ್ಟು ಬಸ್ಸು ಹತ್ತಿ ಬಂದು, ಕೋರ್ಟಿನ ಬೇವಿನ ಮರದ ನೆರಳಲ್ಲಿ ಹೊತ್ತು ಕಳೆದು, ಸಾಯಂಕಾಲ ಊರಿಗೆ ತಿರುಗುವುದಾಯಿತು.

ಊರೆಂದ ಮೇಲೆ ಸಲಹೆಗೆ ಬರವೆ? ಚಹದ ಅಂಗಡಿಯಲ್ಲಿ ಎಲ್ಲರೂ ಒಂದೇ ಮಾತು: "ವಕೀಲನ್ನ ಬದಲ್ ಮಾಡು." ಒಬ್ಬನಂತೂ ಸಾಹೇಬರು ಎದುರಿನವರ ಕಡೆಗೆ ವಾಲಿದ್ದಾರೆಂದು ಪ್ರಮಾಣ ಮಾಡಿ ಹೇಳಿದ. ಇನ್ನೊಬ್ಬ, "ಬಿಟ್ಟರ ಇನ್ನೂ ಕೆಟ್ಟ. ನಿನ್ನ ಗುಟ್ಟೆಲ್ಲಾ ಅವರ ಹೊಟ್ಟ್ಯಾಗ ಐತಿ, ನಾಳೆ ಎದುರಿನವರ ಪರವಾಗಿ ನಿಂತರ ಏನ್ ಮಾಡ್ತಿ?" ಎಂದು ಹೆದರಿಸಿದ. ಮೂರನೆಯವನು, ವಕೀಲರನ್ನು ಬದಲಿಸಿದರೆ ದಾವೆ ಮತ್ತೆ ಮೊದಲಿನಿಂದ ನಡೆಯಬೇಕಾಗುತ್ತದೆಂದೂ ಕೋರ್ಟು ಫೀ ಎರಡನೆಯ ಸಲ ಕಟ್ಟಬೇಕೆಂದೂ ಅಧಿಕಾರವಾಣಿಯಿಂದ ಸಾರಿದ. ಮಾವನು ಇದೆಲ್ಲವನ್ನೂ ತಲೆಯಲ್ಲಿ ತುಂಬಿಕೊಂಡು ನನ್ನಲ್ಲಿಗೆ ಬಂದ. ನಾನು ಕಾಯಿದೆ ಓದಿದವನಲ್ಲ. ಆದರೆ ಪಟ್ಟಣದಲ್ಲಿರುವವನಿಗೆ ಎಲ್ಲವೂ ಗೊತ್ತಿರುತ್ತದೆಂಬ ನಂಬಿಕೆಯನ್ನು ನಮ್ಮ ಹಳ್ಳಿಗಳು ಇನ್ನೂ ಬಿಟ್ಟಿಲ್ಲ. ಆ ನಂಬಿಕೆಯ ಮರ್ಯಾದೆಗಾಗಿ ತಿಳಿದವರನ್ನು ಕೇಳಿ, ಪುಸ್ತಕವನ್ನು ತಿರುವಿ ಒಂದಿಷ್ಟು ತಿಳಿದುಕೊಂಡೆ.

ಚಹದ ಅಂಗಡಿಯ ಕಾಯಿದೆಗೂ ಪುಸ್ತಕದ ಕಾಯಿದೆಗೂ ಬಹಳ ಅಂತರ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಮೂರನೆಯ ಆದೇಶದ ನಾಲ್ಕನೆಯ ನಿಯಮದಲ್ಲಿ ಈ ಸಂಗತಿ ಇದೆ. ಕಕ್ಷಿದಾರನು ಬರೆದುಕೊಟ್ಟ ವಕಾಲತ್ತು ಕೋರ್ಟಿಗೆ ದಾಖಲಾದ ಮೇಲೆ, ಕಕ್ಷಿದಾರನಾಗಲಿ ವಕೀಲರಾಗಲಿ ರುಜು ಮಾಡಿದ ಬರಹವನ್ನು ಕೋರ್ಟಿನ ಅನುಮತಿಯಿಂದ ಸಲ್ಲಿಸಿ ಅದನ್ನು ಮುಗಿಸುವ ತನಕ, ಇಲ್ಲವೆ ಇಬ್ಬರಲ್ಲಿ ಒಬ್ಬರು ತೀರಿಕೊಳ್ಳುವ ತನಕ, ಇಲ್ಲವೆ ಆ ಕಕ್ಷಿದಾರನ ಮಟ್ಟಿಗೆ ದಾವೆಯ ಕಲಾಪವೆಲ್ಲ ಮುಗಿಯುವ ತನಕ ಅದು ಜಾರಿಯಲ್ಲಿರುತ್ತದೆ. ಅಂದರೆ ಸುಮ್ಮನೆ ಹೋಗದೆ ಇದ್ದುಬಿಟ್ಟರೆ ವಕೀಲರು ಬಿಟ್ಟುಹೋಗುವುದಿಲ್ಲ. ಬರಹ ಬೇಕು, ಕೋರ್ಟಿಗೆ ತಿಳಿಯಬೇಕು. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಲ್ಲಿ 39ನೆಯದು ಇನ್ನೊಂದು ಮಾತನ್ನು ಕೂಡಿಸುತ್ತದೆ: ಈಗಾಗಲೇ ಒಬ್ಬರ ವಕಾಲತ್ತು ಇರುವ ಮೊಕದ್ದಮೆಯಲ್ಲಿ ಇನ್ನೊಬ್ಬ ವಕೀಲರು ಅವರ ಒಪ್ಪಿಗೆಯಿಲ್ಲದೆ ಹಾಜರಾಗಕೂಡದು. ಒಪ್ಪಿಗೆ ಸಿಕ್ಕದಿದ್ದರೆ, ಏಕೆ ಸಿಕ್ಕಲಿಲ್ಲವೆಂಬುದನ್ನು ಅರ್ಜಿಯಲ್ಲಿ ಬರೆದು, ಕೋರ್ಟಿನ ಅಪ್ಪಣೆ ಪಡೆದ ಮೇಲೆ ಹಾಜರಾಗಬಹುದು. ನಮ್ಮ ಜನ 'ಎನ್‌ಓಸಿ' ಎಂದು ಕರೆಯುವುದು ಈ ಒಪ್ಪಿಗೆಯನ್ನೇ.

ಉಳಿದ ಭಯಗಳಿಗೂ ಉತ್ತರ ಸಿಕ್ಕಿತು. ದಾವೆ ಮೊದಲಿನಿಂದ ನಡೆಯುವುದಿಲ್ಲ. ಎಲ್ಲಿಗೆ ಬಂದು ನಿಂತಿದೆಯೋ ಅಲ್ಲಿಂದಲೇ ಹೊಸ ವಕೀಲರು ಅದನ್ನು ಎತ್ತಿಕೊಳ್ಳಬೇಕು. ಆದ ಸಾಕ್ಷಿ ಆದದ್ದೇ. ವಕೀಲರು ಬದಲಾದರೆಂಬ ಒಂದೇ ಕಾರಣಕ್ಕೆ ಸಾಕ್ಷಿಗಳನ್ನು ಮತ್ತೆ ಕರೆಸಲಾಗದೆಂದು ಸುಪ್ರೀಂ ಕೋರ್ಟು 2015ರಲ್ಲಿ, ದಿಲ್ಲಿಯ ಒಂದು ಕ್ರಿಮಿನಲ್ ಮೊಕದ್ದಮೆಯಲ್ಲಿ, ಹೇಳಿಯೂ ಇದೆ. ಕೋರ್ಟು ಫೀ ಮತ್ತೆ ಕಟ್ಟಬೇಕಾಗಿಲ್ಲ. ಹೊಸ ವಕಾಲತ್ತಿಗೆ ಹಚ್ಚುವ ಸ್ಟಾಂಪಿನ ಖರ್ಚು ಮಾತ್ರ. ಗುಟ್ಟಿನ ಮಾತಿಗೆ ಬಂದರೆ, ಕಕ್ಷಿದಾರನು ವಿಶ್ವಾಸದಿಂದ ಹೇಳಿದ ಮಾತನ್ನು ವಕೀಲರು ಹೊರಗೆಡಹಬಾರದು, ಸಂಬಂಧ ಮುಗಿದ ಮೇಲೆಯೂ ಈ ಬಂಧನ ಉಳಿಯುತ್ತದೆ ಎಂದು 1872ರ ಸಾಕ್ಷ್ಯ ಅಧಿನಿಯಮದ 126ನೆಯ ಕಲಮು ವಿಧಿಸಿತ್ತು. ಅದರ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮವೂ 132ನೆಯ ಕಲಮಿನಲ್ಲಿ ಅದನ್ನೇ ಉಳಿಸಿಕೊಂಡಿದೆ. ಒಬ್ಬರ ದಾವೆಯ ಬರಹವನ್ನು ತಯಾರಿಸಿದ ವಕೀಲರು ಅದೇ ವಿಷಯದಲ್ಲಿ ಎದುರಿನವರ ಪರ ನಿಲ್ಲುವುದನ್ನು ಪರಿಷತ್ತಿನ ನಿಯಮವೂ ಬೇಡವೆನ್ನುತ್ತದೆ.

ಇಷ್ಟನ್ನೂ ಕೇಳಿದ ಮಾವನಿಗೆ ಸಮಾಧಾನವಾಗಬೇಕಾಗಿತ್ತು. ಆಗಲಿಲ್ಲ. "ಅದೆಲ್ಲಾ ಖರೆ ಐತೋ ತಮ್ಮಾ. ಆದ್ರ ಅವರ ಮುಂದ ಕುಂತು ಹೆಂಗ ಕೇಳ್ಲಿ?" ಎಂದ. ಕಾಯಿದೆಯ ಪುಸ್ತಕದಲ್ಲಿ ಈ ಪ್ರಶ್ನೆಗೆ ಮಾತ್ರ ಉತ್ತರವಿರಲಿಲ್ಲ.

'ವಕೀಲ' ಎಂಬ ಮಾತು ಅರಬ್ಬಿಯಿಂದ ಬಂದದ್ದು. ಒಪ್ಪಿಸುವುದು, ವಹಿಸುವುದು ಎಂಬ ಅರ್ಥದ ಮೂಲದಿಂದ ಹುಟ್ಟಿದ್ದು. ನನ್ನ ಕೆಲಸವನ್ನು ನಿನಗೆ ವಹಿಸಿದ್ದೇನೆ ಎಂಬುದೇ ವಕಾಲತ್ತಿನ ತಿರುಳು. ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1948ರ ತನಕ ನಿಜಾಮರ ಆಳ್ವಿಕೆಯಲ್ಲಿದ್ದ ನಾಡಿದು. ಕಚೇರಿಯ ಭಾಷೆ ಉರ್ದು. ತನ್ನ ಹೊಲದ ಕಾಗದವನ್ನು ತಾನೇ ಓದಲಾರದ ರೈತನಿಗೆ ವಕೀಲರೆಂದರೆ ಕಣ್ಣೂ ಅವರೇ, ನಾಲಿಗೆಯೂ ಅವರೇ. ಹೈಕೋರ್ಟಿನ ಕೆಲಸ ಬಿದ್ದರೆ ಹೈದರಾಬಾದಿಗೆ ಹೋಗಬೇಕು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ ಹಾದಿ ಬೆಂಗಳೂರಿಗೆ ತಿರುಗಿತು. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬಂದು, 2013ರಲ್ಲಿ ಅದು ಖಾಯಂ ಆಗಿ, ಕೊಪ್ಪಳ ಜಿಲ್ಲೆಯ ಜನಕ್ಕೆ ದಾರಿ ಹತ್ತಿರವಾಯಿತು. ಕೋರ್ಟು ಹೀಗೆ ಊರೂರು ಬದಲಿಸಿದರೂ, ಅದರ ಭಾಷೆ ಉರ್ದುವಿನಿಂದ ಇಂಗ್ಲಿಷಿಗೂ ಕನ್ನಡಕ್ಕೂ ಹೊರಳಿದರೂ, ವಹಿಸಿಕೊಡುವ ಈ ಸಂಬಂಧ ಹಾಗೆಯೇ ನಿಂತಿದೆ. ಆದುದರಿಂದ ನಮ್ಮ ಮಾವನಿಗೆ ಎನ್‌ಓಸಿ ಕೇಳುವುದೆಂದರೆ ಕೊಟ್ಟ ಮಾತನ್ನು ಹಿಂದಕ್ಕೆ ಕೇಳಿದಂತೆ.

ಊರ ಹೆಸರಿಗೆ ತಕ್ಕಂತೆ ಮಾವ ಎರಡು ಸಲ ವಕೀಲರ ಮನೆಯ ತನಕ ಹೋಗಿ ಮರಳಿ ಬಂದ. ಒಂದು ಸಲ ಹೊಸ ಅಕ್ಕಿಯನ್ನು ಕೊಟ್ಟು ಬಂದ. ಇನ್ನೊಂದು ಸಲ ಮಳೆಬೆಳೆಯ ಮಾತಾಡಿ ಬಂದ. ಮೂರನೆಯ ಸಲ ನನ್ನನ್ನು ಜೊತೆಗೆ ಕರೆದುಕೊಂಡು ಹೋದ. ಚಹ ಬಂತು, ಕುಡಿದದ್ದಾಯಿತು. ಮಾವ ಟೋಪಿಯನ್ನು ಕೈಗೆ ತೆಗೆದುಕೊಂಡು, "ಸಾಹೇಬ್ರ, ಒಂದು ಮಾತು ಕೇಳೂದೈತ್ರಿ" ಎಂದ. ಮುಂದಿನ ಮಾತು ಬರಲಿಲ್ಲ.

ವಕೀಲರೇ ನಕ್ಕರು. "ಎನ್‌ಓಸಿ ಬೇಕಲ್ಲೇನ್ರಿ ಗೌಡ್ರ? ಇಷ್ಟಕ್ಕ ಮೂರು ಸಲ ಬರಬೇಕೇನು? ವಕೀಲನ್ನ ಬಿಡೂದು ನಿಮ್ಮ ಹಕ್ಕು. ಆದ್ರ ಯಾಕ ಬಿಡ್ತೀರಿ ಅನ್ನೂದು ನನಗೊಂದೀಟು ಹೇಳ್ರಿ. ತಪ್ಪು ತಿಳ್ಕೊಳ್ಳೂದಿಲ್ಲ."

"ಮೂರು ತಾರೀಖು ನೀವು ಬರ್ಲಿಲ್ರಿ. ಮಂದಿ ಏನೇನೋ ಅಂತಾರ. ನಾನು ಅದನ್ನ ನಂಬಿಲ್ರಿ. ಆದ್ರ ಯಾಕ ಬರ್ಲಿಲ್ಲ ಅಂತ ತಿಳೀಲಿಲ್ಲ."

ವಕೀಲರು ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟರು. "ಕಣ್ಣಿಗೆ ಪೊರಿ ಬಂದೈತ್ರಿ. ಒಂದು ಕಣ್ಣು ಕೊಯ್ಸಿದ್ದಾತು, ಇನ್ನೊಂದು ಆಗಬೇಕು. ಹಳೇ ಕಾಗದದ ಅಕ್ಷರ ಕಾಣೂದಿಲ್ಲ. ಕಾಗದ ಓದದ ಸಾಕ್ಷಿ ಹೇಳಿಸಿದ್ರ ನಿಮ್ಮ ಹೊಲ ಹೋಗ್ತೈತಿ ಅಂತ ಮುದ್ದತ್ತು ಕೇಳಿಸಿದೆ. ಇದನ್ನ ನಾನ ನಿಮಗ ಮೊದಲ ಹೇಳಬೇಕಾಗಿತ್ತು. ಹೇಳಾಕ ನಾಚಿಕಿ ಆತು."

ಕೋಣೆಯಲ್ಲಿ ಕೆಲವು ಹೊತ್ತು ಯಾರೂ ಮಾತಾಡಲಿಲ್ಲ. ಎರಡು ತಿಂಗಳಿಂದ ಒಬ್ಬರು ಹೇಳಲು ನಾಚಿದ್ದರು, ಇನ್ನೊಬ್ಬರು ಕೇಳಲು ನಾಚಿದ್ದರು. ನಡುವೆ ಚಹದ ಅಂಗಡಿಯು ನಾಚಿಕೆಯಿಲ್ಲದೆ ಮಾತಾಡಿತ್ತು. ಮಾವ ಎದ್ದುಬಿಡುವನೆಂದೇ ನಾನೆಣಿಸಿದೆ. ಎನ್‌ಓಸಿ ಬೇಡವೆನ್ನಲು ಅವನ ಬಾಯಿ ತೆರೆದದ್ದೂ ನಿಜ. ವಕೀಲರೇ ತಡೆದರು. "ಬ್ಯಾಡ್ರಿ ಗೌಡ್ರ. ಕನಿಕರ ಪಟ್ಟು ವಕೀಲನ್ನ ಇಟ್ಕೊಬಾರದು" ಎಂದು ಹೇಳಿ ಕಾಗದದ ಮೇಲೆ, ಬೆರಳಿನಿಂದ ಜಾಗ ಹುಡುಕಿಕೊಂಡು, ರುಜು ಹಾಕಿದರು.

ಬಳಿಕ ಗುಮಾಸ್ತನನ್ನು ಕರೆದು ಕಟ್ಟನ್ನು ತರಿಸಿದರು. ಫೀಸಿನ ಬಾಕಿ ಸ್ವಲ್ಪ ಉಳಿದಿತ್ತು. ಮಾವ ಅರ್ಧವನ್ನು ಅಲ್ಲಿಯೇ ಎಣಿಸಿಕೊಟ್ಟು ಉಳಿದುದನ್ನು ಸುಗ್ಗಿಗೆ ಕೊಡುವೆನೆಂದ. ವಕೀಲರು ಕಟ್ಟನ್ನು ಪೂರ್ತಿಯಾಗಿಯೇ ಅವನ ಕೈಗಿಟ್ಟರು. ಇದು ಅವರ ದೊಡ್ಡತನವಷ್ಟೇ ಅಲ್ಲ, ಕಾಯಿದೆಯೂ ಹೌದು. ಮಧ್ಯಪ್ರದೇಶದ ಒಂದು ಸಹಕಾರಿ ಬ್ಯಾಂಕಿನ ವಕೀಲರು ತಮಗೆ 97,100 ರೂಪಾಯಿ ಫೀಸು ಬರತಕ್ಕದ್ದೆಂದು ಬ್ಯಾಂಕಿನ ಮೊಕದ್ದಮೆಗಳ ಕಾಗದಗಳನ್ನು ಹಿಡಿದಿಟ್ಟುಕೊಂಡಿದ್ದರು. ಆ ವ್ಯಾಜ್ಯದಲ್ಲಿ 2000ದ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಪ್ರಕಾರ, ಫೀಸು ಬಾಕಿಯಿದೆಯೆಂದು ಕಕ್ಷಿದಾರನ ಕಾಗದಗಳನ್ನು ವಕೀಲರು ಅಡವಿಟ್ಟುಕೊಂಡಂತೆ ಇಟ್ಟುಕೊಳ್ಳುವ ಹಾಗಿಲ್ಲ. ಬಾಕಿಯ ವಸೂಲಿಗೆ ಬೇರೆ ದಾರಿಗಳಿವೆ. ರೋಗಿಯು ಬೇರೆ ಆಸ್ಪತ್ರೆಗೆ ಹೊರಟಾಗ ಹಳೆಯ ವೈದ್ಯರು ಅವನ ಪರೀಕ್ಷೆಯ ಕಾಗದಗಳನ್ನು ಬಚ್ಚಿಟ್ಟರೆ ಹೇಗೋ, ಇದೂ ಹಾಗೆ. ಅಂದಮಾತ್ರಕ್ಕೆ ಫೀಸು ಮುಳುಗಿಸಬಹುದೆಂದು ಯಾರೂ ತಿಳಿಯಬಾರದು. ಸುಗ್ಗಿಯಾದ ಮೇಲೆ ಮಾವ ಉಳಿದ ಹಣವನ್ನು ತಾನೇ ಹೋಗಿ ಕೊಟ್ಟು ಬಂದ. ಅಕ್ಕಿಯ ಚೀಲವೂ ಎಂದಿನಂತೆ ಹೋಯಿತು.

ಕಟ್ಟಿನ ಮೇಲೆ ಒಂದು ಚೀಟಿ ಸೇರಿಸಿತ್ತು. ವಕೀಲರು ಹೇಳಿ, ಗುಮಾಸ್ತನು ಬರೆದದ್ದು. ಅದರಲ್ಲಿ ಮೂರೇ ಮಾತು. ಕಾಲುವೆಯಾದ ಮೇಲೆ ಈ ಹೊಲದ ಸರ್ವೆ ನಂಬರು ಬದಲಾಗಿದೆ. ಹಳೆಯ ನಂಬರು, ಹೊಸ ನಂಬರು ಎರಡನ್ನೂ ತೋರಿಸುವ ಕಾಗದ ಕಟ್ಟಿನ ತಳದಲ್ಲಿದೆ. ಉರ್ದು ಕಾಗದವನ್ನು ಕನ್ನಡಕ್ಕೆ ತರ್ಜುಮೆ ಮಾಡಿದವರು ತೀರಿಕೊಂಡಿದ್ದಾರೆ. ಇನ್ನೊಬ್ಬರಿಂದ ಮಾಡಿಸಿ ರುಜು ಪಡೆಯಿರಿ. ಪಾಲಾದಾಗ ಕಣ್ಣಾರೆ ಕಂಡ ಹಿರಿಯರು ಒಬ್ಬರೇ ಉಳಿದಿದ್ದಾರೆ; ಅವರ ಸಾಕ್ಷಿಯನ್ನು ಎಲ್ಲಕ್ಕಿಂತ ಮೊದಲು ಹೇಳಿಸಿರಿ.

ಹೊಸ ವಕೀಲರು ಆ ಚೀಟಿಯನ್ನು ಓದಿ, "ಈ ಮೂರು ಮಾತು ನನಗ ತಿಳಿಯೂದಕ್ಕ ಆರು ತಿಂಗಳು ಹಿಡೀತಿತ್ತು" ಎಂದರು. ಅವರು ಹಾಗೆಯೇ ನಡೆದುಕೊಂಡರು. ಆ ಹಿರಿಯರು ಅದೇ ವರ್ಷ ಕೋರ್ಟಿಗೆ ಬಂದು, ಕಟಕಟೆಯ ಕಂಬಿಯನ್ನು ಹಿಡಿದುಕೊಂಡು, ಯಾವ ಬದುವಿನ ಮೇಲೆ ಯಾರು ಕಲ್ಲು ನೆಟ್ಟರೆಂಬುದನ್ನು ಹೇಳಿದರು. ಮರುವರ್ಷದ ಯುಗಾದಿಗೆ ಅವರು ಇರಲಿಲ್ಲ. ದಾವೆಯ ಗತಿ ಏನಾಯಿತೆಂದು ವಾಚಕರು ಕೇಳಬಹುದು. ಮಾವನ ಪರವಾಗಿ ಡಿಕ್ರಿಯಾಯಿತು. ದಾಯಾದಿ ಮೇಲಿನ ಕೋರ್ಟಿಗೆ ಹೋದ. ಅಲ್ಲಿ ಇಬ್ಬರೂ ದಣಿದು, ಮಾವ 10 ಗುಂಟೆ ಬಿಟ್ಟುಕೊಟ್ಟು ರಾಜಿಯಾದ. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯ ಮಟ್ಟಿಗೆ ನೋಡಿದರೆ ಇದು ಕೆಟ್ಟ ಫಲವೇನಲ್ಲ.

ನನಗೆ ಅಂದು ತೋರಿದ್ದು ಇಷ್ಟು. ಕಕ್ಷಿದಾರನಿಗೆ ಬೇಸರ ಬಂದಾಗ ಅದು ವಕೀಲರ ಮೇಲಿನ ಬೇಸರವೋ, ದಾವೆಯ ಮೇಲಿನ ಬೇಸರವೋ ಅವನಿಗೇ ತಿಳಿದಿರುವುದಿಲ್ಲ. ತಾರೀಖು ಮುಂದೆ ಬೀಳುವುದಕ್ಕೆ ನೂರು ಕಾರಣಗಳು. ವಿಚಾರಣೆಯ ಕಾಲದಲ್ಲಿ ಒಬ್ಬ ಕಕ್ಷಿದಾರನಿಗೆ ಮೂರಕ್ಕಿಂತ ಹೆಚ್ಚು ಮುದ್ದತ್ತು ಕೊಡಬಾರದೆಂದು, ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆಂಬುದು ಕಾರಣವೇ ಅಲ್ಲವೆಂದು ಸಂಹಿತೆಯ ಹದಿನೇಳನೆಯ ಆದೇಶದಲ್ಲಿ ಬರೆದಿದೆ. ಆದರೂ ಅನಿವಾರ್ಯ ಸಂದರ್ಭಗಳಿಗೆ ಎಡೆ ಬೇಕೆಂದು ಸುಪ್ರೀಂ ಕೋರ್ಟೇ 2005ರಲ್ಲಿ ಹೇಳಿತು. ವಕೀಲರು ಬಾರದೆ ಹೋದ ತಪ್ಪಿಗೆ ಏನೂ ಅರಿಯದ ಕಕ್ಷಿದಾರನನ್ನು ಶಿಕ್ಷಿಸಬಾರದೆಂದು 1981ರಲ್ಲಿಯೇ ಅದು ಒಂದು ಮೇಲ್ಮನವಿಯನ್ನು ಮತ್ತೆ ವಿಚಾರಣೆಗೆ ತೆಗೆಸಿದ್ದೂ ಉಂಟು. ಹೀಗಿರುವಾಗ ತಡವಾದುದಕ್ಕೆಲ್ಲ ವಕೀಲರೇ ಕಾರಣರೆಂದು ತಿಳಿದು ವರ್ಷಕ್ಕೊಬ್ಬರನ್ನು ಬದಲಿಸಿದರೆ, ಬದಲಾಗುವುದು ಕಟ್ಟಿನ ದಾರ ಮಾತ್ರ.

ಇದು ಹಳ್ಳಿಯ ರೈತನ ಪಾಡಷ್ಟೇ ಅಲ್ಲ. ನಾಡಿಗೆ ನಾಡೇ ಒಮ್ಮೆ ಇಂಥ ಕಕ್ಷಿದಾರನಾಗಿತ್ತು. ಕಾವೇರಿಯ ವ್ಯಾಜ್ಯದಲ್ಲಿ ಕರ್ನಾಟಕದ ಪರವಾಗಿ ಫಾಲಿ ನರಿಮನ್ ಅವರು ದಶಕಗಳ ಕಾಲ ವಾದಿಸಿದರು. 2016ರ ಸೆಪ್ಟೆಂಬರಿನಲ್ಲಿ ನೀರು ಬಿಡಬೇಕೆಂಬ ಆಜ್ಞೆಗಳು ಒಂದರ ಮೇಲೊಂದು ಬಂದಾಗ, ವಕೀಲರನ್ನು ಬದಲಿಸಿ ಎಂಬ ಕೂಗು ನಮ್ಮಲ್ಲಿ ಎದ್ದಿತು. ಅದೇ ತಿಂಗಳ ಕೊನೆಗೆ, ಆಜ್ಞೆಯನ್ನು ಪಾಲಿಸದ ರಾಜ್ಯದ ಪರವಾಗಿ ತಾವು ಮುಂದೆ ವಾದ ಹೇಳಲಾರೆವೆಂದು ನರಿಮನ್ ಅವರು ಕೋರ್ಟಿನಲ್ಲಿ ತಿಳಿಸಿದ್ದೂ ಆಯಿತು. ಎರಡು ಕಡೆಯಿಂದಲೂ ಬಿಡಲು ಕಾರಣವಿದ್ದಂತೆ ತೋರಿದ ಹೊತ್ತು ಅದು. ಆದರೂ ಸಂಬಂಧ ಕಡಿಯಲಿಲ್ಲ. 2017ರಲ್ಲಿ ಮೇಲ್ಮನವಿಗಳ ಅಂತಿಮ ವಿಚಾರಣೆಯಲ್ಲಿ ಅವರೇ ವಾದಿಸಿದರು. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ತಮಿಳುನಾಡಿಗೆ ಬಿಡತಕ್ಕ ನೀರು 192 ಟಿಎಂಸಿಯಿಂದ 177.25 ಟಿಎಂಸಿಗೆ ಇಳಿಯಿತು. ಒಬ್ಬ ವಕೀಲರನ್ನು ಉಳಿಸಿಕೊಂಡುದರಿಂದಲೇ ಇಷ್ಟಾಯಿತೆಂದು ನಾನು ಹೇಳಲಾರೆ. ಆದರೆ ಅಷ್ಟು ವರ್ಷಗಳ ಕಾಗದವನ್ನು ತಲೆಯಲ್ಲಿಟ್ಟುಕೊಂಡವರನ್ನು ಒಂದು ತಿಂಗಳ ಕೋಪಕ್ಕೆ ಬಿಟ್ಟುಕೊಡದಿರುವುದು ವಿವೇಕವೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಹಾಗಾದರೆ ಬಿಡಲೇಬಾರದೆ? ಬಿಡಬೇಕಾದ ಸಂದರ್ಭಗಳುಂಟು. ಕೇಳಿದುದಕ್ಕೆ ಉತ್ತರ ಕೊಡದವರು, ಕಕ್ಷಿದಾರನಿಗೆ ತಿಳಿಸದೆ ರಾಜಿಯ ಮಾತಾಡುವವರು, ತಾರೀಖಿನ ದಿನವನ್ನೇ ಹೇಳದವರು ಇದ್ದರೆ ಮುಲಾಜಿಗೆ ಬಿದ್ದು ಹೊಲ ಕಳೆದುಕೊಳ್ಳಬೇಕಾಗಿಲ್ಲ. ಅಂಥವರು ಒಪ್ಪಿಗೆ ಕೊಡದಿದ್ದರೂ ಕೋರ್ಟಿನ ಬಾಗಿಲು ತೆರೆದೇ ಇದೆ. ಆದರೆ ಸಾಧಾರಣವಾಗಿ, ಎದುರಿಗೆ ಕುಳಿತು ರುಜು ಕೇಳಬೇಕೆಂಬ ಆ ನಿಯಮವನ್ನು ನಾವು ತೊಂದರೆಯೆಂದು ತಿಳಿಯುತ್ತೇವಲ್ಲ, ಅದು ತೊಂದರೆಯಲ್ಲ, ಉಪಕಾರ. ಅದು ವಕೀಲರ ಮಾನವನ್ನು ಕಾಯುವುದಕ್ಕಾಗಿ ಮಾಡಿದ ನಿಯಮವೆಂದು ಹೇಳುತ್ತಾರೆ. ನನಗೆ ತೋರುವಂತೆ ಅದು ಕಾಯುವುದು ಕಕ್ಷಿದಾರನನ್ನು. ಹಿಂದಿನಿಂದ ನೂರು ಸಲ ಆಡಿದ ದೂರನ್ನು ಮುಂದೆ ಕುಳಿತು ಒಂದು ಸಲ ಆಡಿಸುತ್ತದೆ. ಆಡಿದ ಮೇಲೆ ಉಳಿಯುವಂಥ ದೂರು ಇದ್ದರೆ ಬಿಡಬಹುದು, ಕರಗುವಂಥದಾದರೆ ಉಳಿಯಬಹುದು, ನಮ್ಮ ಮಾವನಿಗಾದಂತೆ ದೂರು ಕರಗಿಯೂ ಬಿಡಬೇಕಾಗಿ ಬಂದರೆ, ಕಟ್ಟಿನ ಜೊತೆಗೆ ಒಂದು ಚೀಟಿಯಾದರೂ ಬರುತ್ತದೆ.

ಕೋರ್ಟಿನ ಅಂಗಳದಲ್ಲಿ ಹೊಸ ವಕಾಲತ್ತಿನ ಫಾರಮು ಸುಲಭವಾಗಿ ಸಿಗುತ್ತದೆ. ಅದನ್ನು ಕೊಳ್ಳುವ ಮೊದಲು ಹಳೆಯ ವಕೀಲರ ಮನೆಗೆ ಒಮ್ಮೆ ಹೋಗಿ ಬನ್ನಿರೆಂದು ನಾನು ಪರಿಚಯದವರಿಗೆಲ್ಲ ಹೇಳುತ್ತಿರುತ್ತೇನೆ. ಚಹ ಕೊಟ್ಟರೆ ಬೇಡವೆನ್ನಬೇಡಿ.